ಮಾವನವರ ಎಡಬದಿಗೆ ಬಂದ ಲಿವರ್ ಕುರಿತು

ಇಂದ,
ಕಲ್ಯಾಣಪ್ಪ (ಇನ್ನು ಮುಂದೆ ‘ಅರ್ಜಿದಾರ’),
ನಿವೃತ್ತ ಹಿರಿಯ ಸಹಾಯಕ, ಆಡಳಿತ ಶಾಖೆ,
ಕೇಂದ್ರ ಸರ್ಕಾರದ ಒಂದು ಕಾರ್ಖಾನೆ.
ವಾಸ: ಬಾಲಾನಗರ, ಹೈದರಾಬಾದ್.

ಗೆ,
ಡಾ. ಗುರುಸಿದ್ದಪ್ಪನವರು,
ಮುಖ್ಯಸ್ಥರು, ಅಂಗರಚನಾಶಾಸ್ತ್ರ ವಿಭಾಗ,
ವೈದ್ಯಕೀಯ ಕಾಲೇಜು (ಹೆಸರು ಲಕೋಟೆಯ ಮೇಲಿದೆ, ಒಳಗೂ ಬರೆದು ಸಂಸ್ಥೆಗೆ ಮುಜುಗರ ತರುವ ಇರಾದೆ ಇಲ್ಲ).

ವಿಷಯ: ಸೊಸೆ ಡಾ. ಶೈಲಶ್ರೀ ಬೋಧಕ ಪರೀಕ್ಷೆಯಲ್ಲಿ ಅರ್ಜಿದಾರನ ಹೊಟ್ಟೆಯ ಮೇಲೆ ಲಿವರನ್ನು ಎಡಬದಿಗೆ ಬರೆದದ್ದು, ತರುವಾಯ ಬಲಬದಿಗೂ ಬರೆದದ್ದು, ನಡುವೆ ಅರ್ಜಿದಾರ ಬೆನ್ನು ತಿರುಗಿಸಿ ನಿಂತದ್ದು, ಇವುಗಳಿಗೆ ವಿವರಣೆ ಮತ್ತು ಮರುಪರೀಕ್ಷೆಗೆ ಮನವಿ.

ಉಲ್ಲೇಖ:
1) ಸೊಸೆಯನ್ನು ಬೋಧಕ ಹುದ್ದೆಗೆ ಶಿಫಾರಸು ಮಾಡಲಾಗದು ಎಂಬ ತಮ್ಮ ವಿಭಾಗದ ಪತ್ರ.
2) ಅರ್ಜಿದಾರನ ಧರ್ಮಪತ್ನಿ ಸುಂದರಾಬಾಯಿಯವರು ಅಡುಗೆಮನೆಯಿಂದ ಹೊರಡಿಸಿದ ಮೌಖಿಕ ಆದೇಶ (ದಿನಾಂಕ ಇಲ್ಲ, ಜಾರಿಯಲ್ಲಿತ್ತು).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರ ತಮ್ಮ ಗಮನಕ್ಕೆ ತರುವುದೇನೆಂದರೆ, ಮೊದಲು ಎರಡು ಸಣ್ಣ ಸ್ಪಷ್ಟೀಕರಣಗಳು. ಅರ್ಜಿದಾರ ತನ್ನ ಸೇವಾವಧಿಯಲ್ಲಿ ಕಾರ್ಖಾನೆಯ ಅರ್ಧ ಜನಕ್ಕೆ ರಜೆ, ವರ್ಗಾವಣೆ, ಕ್ವಾರ್ಟರ್ಸು ಎಂದು ಅರ್ಜಿ ಬರೆದುಕೊಟ್ಟವನು. ‘ನಾನು’ ಎಂದು ಶುರುವಾದ ಅರ್ಜಿ ಮಂಜೂರಾದದ್ದನ್ನು ಅವನು ಕಂಡಿಲ್ಲ. ಕಾರಣ, ತನ್ನ ಹೊಟ್ಟೆಯ ವಿಚಾರವನ್ನೂ ಬೇರೆ ಯಾರದೋ ಹೊಟ್ಟೆಯ ವಿಚಾರದಂತೆಯೇ ಬರೆದಿದ್ದಾನೆ. ಎರಡನೆಯದು, ತಾವು ಗದಗ ಕಡೆಯವರೆಂದು ಸೊಸೆ ಹೇಳಿದ್ದಾಳೆ. ಈ ಅರ್ಜಿ ತಮ್ಮ ಮೇಜಿಗೆ ಬರುವ ಮೊದಲು ಕನ್ನಡ ಓದಲು ಬಾರದ ನಾಲ್ಕಾರು ಗುಮಾಸ್ತರ ಕೈ ದಾಟಬೇಕು. ವಿಷಯ ಮನೆಯ ಒಳಗಿನದು, ಅಂಗಿಯ ಒಳಗಿನದೂ ಹೌದು. ಆದ್ದರಿಂದ ಕನ್ನಡದಲ್ಲಿ ಬರೆದಿದೆ.

1. ಸೊಸೆ ಶೈಲಶ್ರೀ ಮೂಲತಃ ಮೀನಿನವಳು. ಅಂದರೆ, ಉಪ್ಪಲ್ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೈಮೇಲೆ ಪಟ್ಟೆಯಿರುವ ಪುಟ್ಟ ಮೀನುಗಳನ್ನು ಅಭ್ಯಾಸ ಮಾಡಿ ಪಿಎಚ್‌.ಡಿ. ಪಡೆದವಳು. ಆ ಮೀನು ಮರಿಯಿದ್ದಾಗ ಪಾರದರ್ಶಕವಂತೆ. ಹೃದಯ ಬಡಿಯುವುದು ಹೊರಗಿನಿಂದಲೇ ಕಾಣುತ್ತದಂತೆ. ಎಲ್ಲಿ ಏನಿದೆ ಎಂದು ಮೇಲೆ ಬರೆದು ತೋರಿಸುವ ಪ್ರಸಂಗವೇ ಬರುವುದಿಲ್ಲ. ಅರ್ಜಿದಾರ ಪಾರದರ್ಶಕನಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ.

2. ಪ್ರಾಜೆಕ್ಟು ಮುಗಿದು, ಫೆಲೋಶಿಪ್ಪು ನಿಂತು, ಮೀನುಗಳೂ ಬೇರೆ ಯಾರದೋ ಪಾಲಾದವು. ಅದೇ ಹೊತ್ತಿಗೆ ಊರೂರಿಗೆ ಮೆಡಿಕಲ್ ಕಾಲೇಜು ಬಂದು, ಅಂಗರಚನೆ ಕಲಿಸುವವರು ಮಾತ್ರ ಬಾರದೆ, ಡಾಕ್ಟರಾದವರು ಜೀವ ಇರುವವರ ಕಡೆಗೇ ಹೋಗಿ, ತಮ್ಮಂಥವರು ಒಬ್ಬೊಬ್ಬರೇ ಮೂರು ಮೂರು ಬ್ಯಾಚು ಎಳೆಯುವ ಪರಿಸ್ಥಿತಿ ಬಂತು. ಆದ್ದರಿಂದ ವಿಜ್ಞಾನಿಗಳನ್ನು ತಂದು ಅಂಗರಚನೆಯ ಬೋಧಕರನ್ನಾಗಿ ತಯಾರಿಸುವ ತರಬೇತಿಯನ್ನು ಕಾಲೇಜು ತೆರೆಯಿತು. ತಮಗೆ ಈ ಯೋಜನೆ ಅಷ್ಟಾಗಿ ರುಚಿಸಿಲ್ಲ ಎಂಬುದು ಅರ್ಜಿದಾರನ ಕಿವಿಗೂ ಬಿದ್ದಿದೆ. ಬೇಸರವಿಲ್ಲ. ಬೇರೆ ಶಾಖೆಯಿಂದ ಬಂದವರನ್ನು ಅರ್ಜಿದಾರನ ಶಾಖೆಯಲ್ಲೂ ಚಹಾಕ್ಕೆ ಕರೆಯುತ್ತಿರಲಿಲ್ಲ.

3. ಆದರೆ ಸೊಸೆಗೆ ಈ ಕೆಲಸ ಹಿಡಿಸಿತು. ಹಿಡಿಸಿತು ಎಂದರೆ ಸಾಲದು, ಹುಚ್ಚು ಹತ್ತಿತು. ಕೈಯ ಒಳಗಿನ ನರಗಳನ್ನು ನೋಡಿಬಂದ ಸಂಜೆ, ಅವರೆಕಾಯಿ ಸುಲಿಯುತ್ತ ಕೂತಿದ್ದ ಸುಂದರಾಬಾಯಿಯವರ ಕೈಯನ್ನು ತಾನಾಗಿಯೇ ಹಿಡಿದಳು. ಮುಂಗೈಯಲ್ಲಿ ಒಂದು ಕಡೆ ಒತ್ತಿ, ಈಗ ಕಿರುಬೆರಳು ಆಡಿಸ್ರಿ, ಈಗ ನಡುಬೆರಳು ಅನ್ನುತ್ತ, ಯಾವ ದಾರ ಎಲ್ಲಿಂದ ಬಂದು ಯಾವ ಬೆರಳನ್ನು ಎಳೆಯುತ್ತದೆ ಎಂದು ಹೇಳಿದಳು. ಸಂಧಿವಾತ ಹಿಡಿದ ಆ ಕೈಯನ್ನು ಹಾಗೆ ಯಾರೂ ಹಿಡಿದಿರಲಿಲ್ಲ, ಅರ್ಜಿದಾರನೂ ಸೇರಿದಂತೆ. ಸುಂದರಾಬಾಯಿಯವರು ಕೈ ಬಿಡಿಸಿಕೊಳ್ಳದೆ ಕೂತೇ ಇದ್ದರು, ಒಲೆಯ ಮೇಲೆ ಹಾಲು ಉಕ್ಕಿತು. ಈ ಹೆಣ್ಣುಮಗಳು ಕಲಿಸಲಿಕ್ಕೇ ಹುಟ್ಟಿದವಳು ಎಂದು ಅರ್ಜಿದಾರನಿಗೆ ಅನ್ನಿಸಿದ್ದು ಆವತ್ತು. ಇದು ಅಭಿಪ್ರಾಯ ಮಾತ್ರ, ಪುರಾವೆಯಲ್ಲ.

4. ತರಬೇತಿಯ ಕೊನೆಗೆ ಒಂದು ಪರೀಕ್ಷೆ ಇರುವುದು ತಮಗೆ ಗೊತ್ತೇ ಇದೆ: ಜೀವಂತ ಮನುಷ್ಯನ ಮೈಮೇಲೆ ಪೆನ್ನಿನಿಂದ ಒಳಗಿನ ಅಂಗಗಳ ಗೆರೆ ಎಳೆದು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು. ಮನುಷ್ಯನನ್ನು ಅಭ್ಯರ್ಥಿಯೇ ತರತಕ್ಕದ್ದು. ನ್ಯಾಯವಾಗಿ ಈ ಕೆಲಸ ಆಕೆಯ ಗಂಡ, ಅಂದರೆ ಅರ್ಜಿದಾರನ ಮಗ ವೈಭವನದು. ಅವನು ಮೆಟ್ರೋ ಡಿಪೋದಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿದ್ದಾನೆ, ಮೈಕಟ್ಟೂ ಚೆನ್ನಾಗಿದೆ. ಆದರೆ ಅವನಿಗೆ ಕಚಗುಳಿ. ಪೆನ್ನು ಪಕ್ಕೆಲುಬಿನಿಂದ ಇನ್ನೂ ಗೇಣು ದೂರವಿರುವಾಗಲೇ ಸೋಫಾದಿಂದ ಕೆಳಗೆ ಉರುಳಿದ. ಮರುದಿನವೂ ಉರುಳಿದ. ಕಾರಣ, ಅರ್ಜಿದಾರ ಸ್ವಯಂಪ್ರೇರಿತನಾಗಿ ಅಂಗಿ ಬಿಚ್ಚಿದ. ನಿವೃತ್ತಿಯ ನಂತರ ತನ್ನಿಂದ ಯಾರಿಗಾದರೂ ಉಪಯೋಗವಾದೀತೆಂಬ ಆಸೆ ಇಲ್ಲದವರು ನಿವೃತ್ತರೇ ಅಲ್ಲ.

5. ಇಲ್ಲಿ ಉಲ್ಲೇಖ ಎರಡರ ಪ್ರಸ್ತಾಪ ಬರುತ್ತದೆ. ಅರ್ಜಿದಾರನ ಮನೆತನ ಇಳಕಲ್ಲ ಕಡೆಯದು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಲ್ಲುವುದಿಲ್ಲ. ಮಾವ ಪಡಸಾಲೆಗೆ ಬಂದರೆ ಸೆರಗು ತಲೆಗೆ ಬರುತ್ತದೆ, ಕಾಲುಗಳು ಒಳಗೆ ಹೋಗುತ್ತವೆ. ಹೈದರಾಬಾದಿಗೆ ಬಂದ ಮೇಲೆ ಸೆರಗಿನ ಜಾಗಕ್ಕೆ ಚೂಡಿದಾರದ ದುಪಟ್ಟಾ ಬಂದಿದೆ, ಪದ್ಧತಿ ಅದೇ. ಶೈಲಶ್ರೀ ಮೀನಿನ ಮುಂದೆ ಹೇಗಿದ್ದಳೋ ಗೊತ್ತಿಲ್ಲ, ಮಾವನ ಮುಂದೆ ಇದನ್ನು ಚಾಚೂ ತಪ್ಪದೆ ಪಾಲಿಸಿದವಳು. ಅಂಥದ್ದರಲ್ಲಿ ಬರಿಮೈ ಮಾವನ ಎದುರು ಪೆನ್ನು ಹಿಡಿದು ನಿಲ್ಲುವುದೆಂದರೆ? ಸುಂದರಾಬಾಯಿಯವರು ಚಪಾತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಆದೇಶ ಹೊರಡಿಸಿದರು.

“ಸೊಸಿ ಮಾವನ ಎದುರ ನಿಂದ್ರೂದಂದ್ರ ಏನ್ರಿ? ಹಿಂದ ನಿಂತು ಬರೀಲಿ. ಹೊಟ್ಟಿ ಏನ್ ಎದ್ದು ಓಡಿ ಹೋಗಂಗಿಲ್ಲ.”

ಮೇಲ್ಮನವಿಗೆ ಅವಕಾಶ ಇರಲಿಲ್ಲ.

6. ಆದ್ದರಿಂದ ಅಭ್ಯಾಸ ಹೀಗೆ ನಡೆಯಿತು. ಅರ್ಜಿದಾರ ಟಿ.ವಿ.ಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರುವುದು. ಸೊಸೆ ಬೆನ್ನ ಹಿಂದೆ ನಿಂತು, ಮಗುವಿಗೆ ಹಿಂದಿನಿಂದ ಅಂಗಿಯ ಗುಂಡಿ ಹಾಕುವ ಹಾಗೆ, ಎರಡೂ ಕೈ ಮುಂದಕ್ಕೆ ತಂದು ಗೆರೆ ಎಳೆಯುವುದು. ಸುಂದರಾಬಾಯಿಯವರು ಎದುರಿಗೆ ಕೂತು ಅಕ್ಕಿ ಆರಿಸುತ್ತ ಮೇಲ್ವಿಚಾರಣೆ ಮಾಡುವುದು. ಮೊದಮೊದಲು ಬನಿಯನ್ ಮೇಲೆಯೇ ಬರೆಯಬೇಕೆಂದಿತ್ತು. ಇದ್ದಬದ್ದ ಬನಿಯನ್ನುಗಳೆಲ್ಲ ಹೃದಯ, ಜಠರ ತುಂಬಿಕೊಂಡು ತಂತಿಯ ಮೇಲೆ ತೂಗಾಡತೊಡಗಿ, ಪಕ್ಕದ ಮನೆಯ ತೆಲುಗಿನವರು ಯಾರಿಗಾದರೂ ಆಪರೇಷನ್ ಆಯಿತೇ ಎಂದು ಕೇಳಿದ ಮೇಲೆ, ಮೈಮೇಲೆ ಬರೆಯಲು ಅನುಮತಿ ಸಿಕ್ಕಿತು. ಸ್ನಾನಕ್ಕೆ ಹೋಗುವ ಪೆನ್ಸಿಲು, ತೊಂದರೆ ಇರಲಿಲ್ಲ.

ಸೊಸೆಯ ಕೈ ಎಷ್ಟು ಪಳಗಿತೆಂದರೆ ಕಣ್ಣು ಬೇಕಾಗಿರಲಿಲ್ಲ. ಹಿಂದೆ ನಿಂತರೆ ಮಾವನ ಬಲವೇ ಆಕೆಯ ಬಲ, ಮಾವನ ಎಡವೇ ಆಕೆಯ ಎಡ. ಬಲಗೈ ಮುಂದೆ ಹೋಗಿ ಲಿವರ್ ಬರೆಯುತ್ತಿತ್ತು. ಸುಂದರಾಬಾಯಿಯವರಿಗೂ ಎಲ್ಲ ಬಾಯಿಪಾಠವಾಗಿ, ಹೊಟ್ಟೆ ನೋವೆಂದ ಕಾಲೊನಿಯ ಹೆಂಗಸರಿಗೆ ಎಲ್ಲಿ, ಬೆರಳಿಟ್ಟು ತೋರಿಸು ಎಂದು ಕೇಳುವಷ್ಟು ಮುಂದುವರಿದರು. ಎಡ ಬಲ ಸರಿಯಾಗಿದ್ದುದಕ್ಕೆ ಪುರಾವೆಯಾಗಿ ಆ ಕಾಲದ ಒಂದು ಬನಿಯನ್ನನ್ನು ಲಗತ್ತಿಸಿದೆ.

7. ಪರೀಕ್ಷೆಯ ದಿನದ ಬಗ್ಗೆ. ಅರ್ಜಿದಾರನನ್ನು ಗ್ಯಾಲರಿಯ ಮುಂದೆ ಪುಟ್ಟ ಪೀಠದ ಮೇಲೆ ನಿಲ್ಲಿಸಲಾಯಿತು. ಮಾಡೆಲ್ ಆದವನು ಮಾತಾಡಬಾರದು, ಅಲುಗಬಾರದು ಎಂದು ತಾವೇ ಅಪ್ಪಣೆ ಮಾಡಿದಿರಿ. ಮೈಮೇಲೆ ಬರೆಯುವ ಪೆನ್ಸಿಲು ಸಿಗದೆ, ಎಲುಬುಗಳಿಗೆ ನಂಬರು ಹಾಕುವ ಅಳಿಸದ ಮಾರ್ಕರನ್ನು ಅಟೆಂಡರು ತಂದುಕೊಟ್ಟರು. ಸೊಸೆ ಬಂದು, ಕಾಲೇಜಿನ ನಿಯಮದ ಪ್ರಕಾರ, ಅರ್ಜಿದಾರನ ಎದುರು ನಿಂತಳು.

ಮದುವೆಯಾಗಿ ಮನೆಗೆ ಬಂದಾಗಿನಿಂದ ಅದೇ ಮೊದಲು. ಅರ್ಜಿದಾರ ಎಲ್ಲಿ ನೋಡಬೇಕೋ ತಿಳಿಯದೆ ಫ್ಯಾನು ನೋಡಿದ. ಸೊಸೆ ಕಣ್ಣು ಕೆಳಗೆ ಹಾಕಿದಳು, ಒಂದು ಕೈ ತಾನಾಗಿ ದುಪಟ್ಟಾವನ್ನು ತಲೆಗೆ ಎಳೆಯಿತು. ಇನ್ನೊಂದು ಕೈ ಅಭ್ಯಾಸವಾದ ಕಡೆಗೆ, ಅಂದರೆ ತನ್ನ ಬಲಕ್ಕೆ ಹೋಯಿತು. ಎದುರು ನಿಂತವಳ ಬಲ, ಅರ್ಜಿದಾರನ ಎಡ. ಮಾರ್ಕರಿನ ತಂಪು ಎಂದೂ ತಗುಲದ ಜಾಗಕ್ಕೆ ತಗುಲಿದಾಗ ಅರ್ಜಿದಾರನಿಗೆ ತಪ್ಪು ಗೊತ್ತಾಯಿತು. ಕೆಮ್ಮಿದ. “ಹಿಲ್ನಾ ನಕ್ಕೋ ಸಾಬ್,” ಅಂದರು ಅಟೆಂಡರು, ಅಲುಗಬೇಡಿರೆಂದು. ಮತ್ತೆ ಕೆಮ್ಮಿದಾಗ ಹೊರಗಿನಿಂದ ಬಂದ ಪರೀಕ್ಷಕರು ಮಾಡೆಲ್‌ಗೆ ನೀರು ಕೊಡಲು ಹೇಳಿದರು. ಅಷ್ಟರಲ್ಲಿ ಲಿವರು ಎಡಕ್ಕೆ ಬಂದು ಕೂತಾಗಿತ್ತು.

ಮಾತಾಡುವ ಹಾಗಿಲ್ಲ. ಸೊಸೆ ತಲೆ ಎತ್ತುತ್ತಿಲ್ಲ. ಅರ್ಜಿದಾರನಿಗೆ ಹೊಳೆದದ್ದು ಒಂದೇ ಉಪಾಯ. ಮನೆಯಲ್ಲಿ ಹೇಗೋ ಹಾಗೆ ಮಾಡಿದರೆ ಎಲ್ಲ ಸರಿಹೋದೀತೆಂದು ಮೆಲ್ಲಗೆ ಬೆನ್ನು ತಿರುಗಿಸಿ ನಿಂತ. ಈಗ ಅವನ ಎದುರು ತೂಗುಹಾಕಿದ ಅಸ್ಥಿಪಂಜರ. ಅದರ ಎದುರು ನಿಲ್ಲಲು ಮನೆಯಲ್ಲಿ ಯಾವ ನಿಷೇಧವೂ ಇಲ್ಲ. ಬೆನ್ನು ಕಂಡದ್ದೇ ಸೊಸೆಗೆ ಜೀವ ಬಂತು. ದನಿ ತೆರೆಯಿತು. ಕೈಗಳು ಮುಂದಕ್ಕೆ ಬಂದವು. ಲಿವರಿನಿಂದಲೇ ಮತ್ತೆ ಶುರುಮಾಡಿ ಜಠರ, ಹೃದಯ, ಅಪೆಂಡಿಕ್ಸು ಎಂದು ಒಂದೊಂದೂ ಅದರದರ ಜಾಗಕ್ಕೆ ಬಿತ್ತು. ಆಕೆ ಹೇಳಿದ ಪಾಠವನ್ನು ಅಸ್ಥಿಪಂಜರದ ಮುಂದೆ ನಿಂತು ಕೇಳಿದ ಅರ್ಜಿದಾರನಿಗೆ ತನ್ನ ಹೊಟ್ಟೆಯ ಮೇಲೆ ಗೌರವ ಮೂಡಿತು. ಬೆನ್ನಿನ ಪಾಠ ಶುರುವಾಯಿತೆಂದು ತಾವು ತಿಳಿದಿರಬೇಕು, ಯಾರೂ ತಡೆಯಲಿಲ್ಲ.

ಆಮೇಲೆ ಅಟೆಂಡರು ಭುಜ ಹಿಡಿದು ಅರ್ಜಿದಾರನನ್ನು ಗ್ಯಾಲರಿಯ ಕಡೆ ತಿರುಗಿಸಿದರು. “ರೆಂಡು ಲಿವರ್ಲಾ?” ಎಂದು ಮುಂದಿನ ಬೆಂಚಿನ ಹುಡುಗಿ ತೆಲುಗಿನಲ್ಲಿ ಪಕ್ಕದವಳನ್ನು ಕೇಳಿದಳು. ಎರಡರಲ್ಲಿ ಕೆಲಸ ಮಾಡುತ್ತಿರುವುದು ಯಾವುದೆಂದು ಪರೀಕ್ಷಕರು ಇಂಗ್ಲಿಷಿನಲ್ಲಿ ವಿಚಾರಿಸಿದರು. ಹೀಗೇಕಾಯಿತೆಂದು ತಾವು ಕೇಳಿದಾಗ ಸೊಸೆ ಮಾರ್ಕರಿನ ಮುಚ್ಚಳ ಹಾಕಿದಳು. ಅಷ್ಟು ಜನರ ನಡುವೆ ಅತ್ತೆಯ ಆದೇಶವನ್ನು ಹೇಗೆ ಹೇಳಬೇಕು? ಆಗ ತಾವು ಕನ್ನಡದಲ್ಲಿ ಮೆಲ್ಲಗೆ ಅಂದಿರಿ:

“ಶೈಲಶ್ರೀ ಅವರ, ಮೀನಿಂದು ಯಾ ಕಡಿ ಇದ್ರೂ ನಡೀತೈತಿ. ನಾಳೆ ಈ ಹುಡುಗೂರು ಕತ್ತರಿ ಹಿಡಿಯಾವ್ರು.”

ಈ ಮಾತಿಗೆ ಅರ್ಜಿದಾರನ ತಕರಾರಿಲ್ಲ. ಮುಂದೊಂದು ದಿನ ಅರ್ಜಿದಾರನದೇ ಹೊಟ್ಟೆ ಕೊಯ್ಯುವ ಹುಡುಗ ಆ ಗ್ಯಾಲರಿಯಲ್ಲಿ ಕೂತಿದ್ದರೂ ಕೂತಿದ್ದಾನು. ಆದರೆ ಆ ಮಾತು ಸೊಸೆಯ ಎದೆಗೆ ನಾಟಿತು. ಅದು ನಾಟಿದ್ದು ಮಾತ್ರ ಸರಿಯಾಗಿ ಎಡಕ್ಕೇ.

8. ವಾಪಸು ಬರುವಾಗ ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಯ ಗದ್ದಲದಲ್ಲಿ, ಪೇರಲ ಹಣ್ಣಿನ ಗಾಡಿಯ ಪಕ್ಕ ನಿಂತಾಗ, ಸೊಸೆ ರಸ್ತೆಯ ಕಡೆ ನೋಡುತ್ತಲೇ ಕೇಳಿದಳು.

“ಮಾವಾರ, ನೀವ್ಯಾಕ ತಿರುಗಿ ನಿಂತ್ರಿ?”

“ನಿನಗ ಅನುಕೂಲ ಆಗ್ಲೆಂತ.”

ಆಕೆ ನಕ್ಕಳು. ನಕ್ಕು ನಕ್ಕು ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಅದು ನಗುವಲ್ಲ ಎಂದು ಅರ್ಜಿದಾರನಿಗೆ ತಿಳಿಯಿತು. ಸಮಾಧಾನ ಮಾಡೋಣವೆಂದರೆ ಎದುರಿಗೆ ಹೋಗಿ ನಿಲ್ಲುವ ಹಾಗಿಲ್ಲ. ಬಾಲಾನಗರದ ಬಸ್ಸು ಬರುವ ತನಕ ಅರ್ಜಿದಾರ ಸುಮ್ಮನೆ ಪೇರಲ ಹಣ್ಣಿನ ರೇಟು ಕೇಳುತ್ತ ನಿಂತಿದ್ದ.

9. ಸದ್ಯದ ಸ್ಥಿತಿಗತಿ ಈ ಕೆಳಗಿನಂತಿದೆ. ಸೊಸೆ ಪೆನ್ಸಿಲುಗಳನ್ನು ಡಬ್ಬಿಗೆ ತುಂಬಿ ಕಪಾಟಿನ ಮೇಲಿಟ್ಟಿದ್ದಾಳೆ. ಮೆಡಿಕಲ್ ಕೋಡಿಂಗ್ ಕಂಪನಿಯೊಂದಕ್ಕೆ ಕೆಲಸ ಕೇಳಿ ಬರೆದಿದ್ದಾಳೆ. ಅಮೆರಿಕದ ಯಾರದೋ ಕಾಯಿಲೆಗಳಿಗೆ ಇಲ್ಲಿ ಕೂತು ನಂಬರು ಕೊಡುವ ಕೆಲಸವಂತೆ. ಒಂದು ಸಂಜೆ ಸುಂದರಾಬಾಯಿಯವರು ಕೈ ನೋಯುತ್ತದೆಂದು ಸೊಸೆಯ ಮುಂದೆ ಕೈ ಚಾಚಿ ನೋಡಿದರು, ಆಕೆ ಮುಲಾಮು ಹಚ್ಚಿ ಎದ್ದುಹೋದಳು. ಬೆರಳುಗಳ ಪಾಠ ಹೇಳಲಿಲ್ಲ.

ಆ ಸಂಜೆ ಅರ್ಜಿದಾರ ನಡೆದದ್ದನ್ನೆಲ್ಲ, ತಾನು ತಿರುಗಿ ನಿಂತದ್ದೂ ಸೇರಿ, ಸುಂದರಾಬಾಯಿಯವರಿಗೆ ಒಪ್ಪಿಸಿದ. ಬೈಗುಳ ಬರುತ್ತದೆಂದು ಕಾದ, ಬರಲಿಲ್ಲ. ಅವರು ಅಕ್ಕಿಯ ಮೊರ ಕೆಳಗಿಟ್ಟರು. ಆಮೇಲೆ ಸೊಸೆಯನ್ನು ಹೊರಗೆ ಕರೆದು, ಅರ್ಜಿದಾರನ ಎದುರಿಗೇ ಹೇಳಿದರು:

“ನಮ್ಮ ಮಾವಾರ ಮಾರಿ ನಾ ಎದುರ ನಿಂತು ನೋಡಿದ್ದು ಅವರು ಹ್ವಾದ ದಿನಾನ. ಅಲ್ಲೀತನಕ ಅವರ ಹುಬ್ಬಿನ ಮ್ಯಾಲ ಗಾಯದ ಗುರ್ತ ಇದ್ದದ್ದೂ ನನಗ ಗೊತ್ತಿರ್ಲಿಲ್ಲ. ನಿನಗ ಹಂಗಾಗೂದು ಬ್ಯಾಡ. ಎದುರ ನಿಂತು ಬರಿ.”

ಹೀಗೆ ಉಲ್ಲೇಖ ಎರಡರ ಆದೇಶ ರದ್ದಾಗಿದೆ. ಆದರೆ ರದ್ದತಿ ಜಾರಿಗೆ ಬಂದಿಲ್ಲ. ಪೆನ್ಸಿಲು ಹಿಡಿಯಲು ಸೊಸೆ ಒಲ್ಲೆ ಅನ್ನುತ್ತಾಳೆ. ಇನ್ನು ಯಾರಿಗೆ ತೋರಿಸಬೇಕ್ರಿ ಅತ್ತಿ, ಎಂದು ಕೇಳಿ ಒಳಗೆ ಹೋದಳು. ಅತ್ತೆಯ ಆದೇಶ ಅತ್ತೆಯೇ ರದ್ದು ಮಾಡಬಲ್ಲರು. ತಮ್ಮ ವಿಭಾಗದ ಪತ್ರವನ್ನು ತಾವೇ ರದ್ದು ಮಾಡಬೇಕು, ಮನೆಯಲ್ಲಿ ಯಾರಿಗೂ ಆ ಅಧಿಕಾರ ಇಲ್ಲ.

10. ಆದ್ದರಿಂದ, ಮತ್ತು ಮೇಲೆ ಹೇಳಿದ ಎಲ್ಲ ಕಾರಣಗಳಿಂದ, ಹಾಗೂ ಅರ್ಜಿದಾರ ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಕಾರಣದಿಂದ (ಟಿಪ್ಪಣಿ ನೋಡುವುದು), ಬೇಡಿಕೊಳ್ಳುವುದೇನೆಂದರೆ:

ಅ) ಸೊಸೆ ಶೈಲಶ್ರೀಗೆ ಇನ್ನೊಂದು ಸಲ, ಅದೇ ಗ್ಯಾಲರಿಯಲ್ಲಿ, ಇದೇ ಹೊಟ್ಟೆಯ ಮೇಲೆ ಪರೀಕ್ಷೆ ನಡೆಸಬೇಕು.

ಆ) ಅಭ್ಯಾಸಕ್ಕೆ ಸ್ವಲ್ಪ ಕಾಲಾವಕಾಶ ಕೊಡಬೇಕು. ಮುಖ ನೋಡಿ ರೂಢಿಯಾಗಲು ಇಬ್ಬರಿಗೂ ಹೊತ್ತು ಬೇಕು. ಅರ್ಜಿದಾರ ಫ್ಯಾನು ನೋಡುವುದನ್ನು ಬಿಡುವುದಾಗಿ ಭರವಸೆ ಕೊಡುತ್ತಾನೆ.

ಇ) ಮಾಡೆಲ್‌ಗೆ ಒಂದೇ ಒಂದು ವಾಕ್ಯ ಮಾತಾಡಲು ಅವಕಾಶವಿರಬೇಕು. ಬಳಸದಿದ್ದರೂ ಇರಲಿ.

ಈ) ತೀರ್ಮಾನವನ್ನು ನರಕ ಚತುರ್ದಶಿಗೆ ಮೊದಲು ತಿಳಿಸಬೇಕು. ವಿಚಾರಣೆ ಬಾಕಿ ಇರುವಾಗ ಸಾಕ್ಷ್ಯ ಅಳಿಸಬಾರದೆಂಬುದು ಅರ್ಜಿದಾರನ ಸೇವಾಕಾಲದ ಪಾಠ. ಕಾರಣ, ಪರೀಕ್ಷೆಯ ದಿನದಿಂದ ಮುಂಭಾಗಕ್ಕೆ ಸೋಪು ಹಾಕಿಲ್ಲ. ಆದರೆ ಹಬ್ಬದ ಬೆಳಿಗ್ಗೆ ಮನೆಯ ಗಂಡಸರಿಗೆಲ್ಲ ಸುಂದರಾಬಾಯಿಯವರೇ ಎಣ್ಣೆ ಹಚ್ಚಿ, ಕಡಲೆ ಹಿಟ್ಟಿನಿಂದ ಉಜ್ಜಿ ಎರೆಯುತ್ತಾರೆ. ಅವರು ಉಜ್ಜಿದ ಮೇಲೆ ಲಿವರಿರಲಿ, ಚರ್ಮ ಉಳಿಯುವ ಖಾತ್ರಿಯೂ ಇಲ್ಲ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಎರಡು ಲಿವರುಗಳ ಒಡೆಯ,
(ಸಹಿ) ಕಲ್ಯಾಣಪ್ಪ

ಲಗತ್ತುಗಳು:
1) ಅರ್ಜಿದಾರನ ಹೊಟ್ಟೆ, ಮೂಲಪ್ರತಿ. ಕರೆದಾಗ ಹಾಜರುಪಡಿಸಲಾಗುವುದು. ಬಾಲಾನಗರದ ಜೆರಾಕ್ಸ್ ಅಂಗಡಿಯವರು ನಕಲು ತೆಗೆಯಲು ಒಪ್ಪಲಿಲ್ಲ.
2) ಬನಿಯನ್ ಒಂದು, ಒಗೆದದ್ದು. ಎಡ ಬಲ ಪರಿಶೀಲಿಸಲು ದಯವಿಟ್ಟು ತಾವೇ ತೊಟ್ಟು ನೋಡುವುದು.
3) ಸುಂದರಾಬಾಯಿಯವರ ರದ್ದತಿ ಆದೇಶ. ಮೌಖಿಕವಾದ್ದರಿಂದ ಲಗತ್ತಿಸಿಲ್ಲ, ಮನೆಗೆ ಬಂದರೆ ಊಟದ ಜೊತೆ ಕೇಳಬಹುದು.
4) ದೇಹದಾನದ ಒಪ್ಪಿಗೆ ಪತ್ರದ ನಕಲು.

ಟಿಪ್ಪಣಿ: ಲಗತ್ತು ನಾಲ್ಕರ ಬಗ್ಗೆ. ಸೊಸೆ ತರಬೇತಿಗೆ ಸೇರಿದ ವರ್ಷವೇ ಅರ್ಜಿದಾರ ತನ್ನ ದೇಹವನ್ನು ತಮ್ಮ ವಿಭಾಗಕ್ಕೆ ಬರೆದುಕೊಟ್ಟಿದ್ದಾನೆ. ಮನೆಯಲ್ಲಿ ವೈಭವನಿಗೆ ಮಾತ್ರ ಗೊತ್ತು, ಸಾಕ್ಷಿಯ ಸಹಿ ಅವನದೇ. ಆ ದಿನ ಬಂದಾಗ ಅರ್ಜಿದಾರ ತಮ್ಮ ವಿಭಾಗದ ಮೇಜಿನ ಮೇಲೆ ಅಂಗಾತ ಮಲಗಿರುವನಾದ್ದರಿಂದ, ಸೊಸೆಯ ಅನುಕೂಲಕ್ಕಾಗಿ ತಿರುಗಿ ನಿಲ್ಲಲು ಅವನಿಂದ ಸಾಧ್ಯವಾಗುವುದಿಲ್ಲ. ಆಕೆ ಎದುರಿಗೇ ನಿಲ್ಲಬೇಕಾಗುತ್ತದೆ. ಮಾವನ ಮುಖವನ್ನು ಆಕೆ ನೇರವಾಗಿ ನೋಡುವುದು ಅದೇ ಮೊದಲ ಸಲ ಆಗಬಾರದು. ಕಾರಣ, ಮರುಪರೀಕ್ಷೆಯನ್ನು ಅದಕ್ಕಿಂತ ಮುಂಚಿನ ಯಾವುದಾದರೊಂದು ದಿನಾಂಕಕ್ಕೆ ಇಟ್ಟುಕೊಳ್ಳಬೇಕಾಗಿ ವಿನಂತಿ.